ಹರಕೆ ಹುಂಜನ ಕಾಲಡಿಯ ನೆಲ

ಹರಕೆ ಹೇಳಿಕೊಳ್ಳುವಾಗಲೂ ನಾನು ವಿವರ ಬಿಡುವವಳಲ್ಲ. ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಸ್ವಲ್ಪ ಮೊದಲು, ಗಾಳಿ ಎದ್ದು ನನ್ನ ಗಂಡ ಹೋದ ಬೋಟು ಬರಬೇಕಾದ ದಿನ ಬರಲಿಲ್ಲ. ಮರುದಿನ ಬೆಳಗ್ಗೆಯೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ದೈವಕ್ಕೆ ಒಂದು ಹುಂಜ ಕೊಡುತ್ತೇನೆಂದು ಕೈಮುಗಿದು ಸುಮ್ಮನಾಗುತ್ತಿದ್ದರು. ನಾನು ಪ್ರೈಮರಿ ಶಾಲೆಯ ಟೀಚರು. ಪೂರ್ಣ ವಾಕ್ಯದಲ್ಲಿ ಉತ್ತರಿಸಿ ಎಂದು ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸವಾದವಳು. ದೈವಕ್ಕೆ ಗೊಂದಲ ಆಗಬಾರದೆಂದು, ‘ನಮ್ಮ ಮನೆಯ ಕೆಂಪು ಹುಂಜ, ಬಾಲದಲ್ಲಿ ಎರಡು ಬಿಳಿ ಗರಿ ಇರುವಂಥದ್ದು’ ಎಂದು ಗುರುತು ಸಮೇತ ಹೇಳಿಕೊಂಡೆ.

ಸಂಜೆಗೆ ಗಂಡ ಬಂದರು. ಎಂಜಿನ್ ಕೆಟ್ಟಿತ್ತಂತೆ, ಇನ್ನೊಂದು ಬೋಟು ಎಳೆದು ತಂದಿತಂತೆ. ಹರಕೆಯ ಸುದ್ದಿ ಕೇಳಿ, ಕಾಲು ತೊಳೆಯುತ್ತಲೇ, “ಎರಡ್ ದಿನ ಕಡ್ಲಗೆ ಬಿದ್ಕಂಡ್ ಬಂದವನಿಗೆ ಒಂದೇ ಹುಂಜವಾ?” ಅಂದರು.

ಅತ್ತೆ ನಗಲಿಲ್ಲ. “ಗುರ್ತ್ ಹೇಳಿ ಹೇಳ್ಕಂಡದ್ದಾ ಹೆಣೆ? ಹಂಗಾರೆ ಅದನ್ನೇ ಕೊಡ್ಕ್. ಕೈಕಾಲ್ ಊನ ಆರೆ ಆತಿಲ್ಲ ಮತ್ತೆ.”

ನಮ್ಮ ದೈವಸ್ಥಾನದ ಪೂಜೆ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ, ಅಂದರೆ ಐದಾರು ತಿಂಗಳು, ಆ ಹುಂಜನ ಎರಡು ಕಾಲು ಸರಿಯಾಗಿ ಇರಬೇಕು. ಅದುವರೆಗೆ ಅಂಗಳದಲ್ಲಿ ಅಡ್ಡಾಡಿಕೊಂಡು, ಬೆಳಗ್ಗೆ ಕಿರಿಮಂಜೇಶ್ವರದ ಅರ್ಧ ಊರನ್ನು ಎಬ್ಬಿಸಿಕೊಂಡು ಇದ್ದ ಹಕ್ಕಿ, ಒಂದೇ ದಿನದಲ್ಲಿ ನನ್ನ ತಲೆಯ ಮೇಲೆ ಬಂದು ಕುಳಿತಿತು. ಮನೆಯ ಮುಂದೆ ಹೈವೇ. ಮೇಲೆ ಗಿಡುಗ. ಹಿತ್ತಿಲಲ್ಲಿ ಮುಂಗುಸಿ. ನೆಲದೊಳಗೆ ಹೆಗ್ಗಣ. ಹಳೆಯ ಗೂಡಿಗೆ ಮಣ್ಣಿನ ನೆಲ. ಹೆಗ್ಗಣ ಕೊರೆದು ಬಂದರೆ ಹುಂಜನ ಬೆರಳು ಮೊದಲು ಹೋಗುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ಮಳೆಗಾಲಕ್ಕೆ ಮೀನುಗಾರಿಕೆ ನಿಂತು, ಬೋಟುಗಳು ದಡ ಹತ್ತಿ, ಗಂಡ ಎರಡು ತಿಂಗಳು ಮನೆಯಲ್ಲೇ ಇದ್ದರು. ಅವರ ಕೈಯಲ್ಲಿ ಗೂಡಿಗೆ ಸಿಮೆಂಟು ಹಾಕಿಸಿದೆ. ನುಣುಪಾಗಿ, ನಮ್ಮ ಜಗುಲಿಗಿಂತ ಚೆಂದವಾಗಿ ಬಂತು.

“ಕೋಳಿ ಕೆರುಕ್ ಮಣ್ಣ್ ಬೇಕ್,” ಎಂದರು ಅತ್ತೆ. “ಇದ್ರಗೆ ಅದ್ ಎಂತ ಕೆರುದ್, ನಿನ್ ಬೋರ್ಡಾ?”

ಮೂರನೆಯ ವಾರ ಹುಂಜ ಕುಂಟಿತು. ಮೊದಲು ನನ್ನ ಕಣ್ಣಿನದೇ ಭ್ರಮೆ ಎಂದುಕೊಂಡೆ. ನನಗೆ ಕಾಣುವುದರಲ್ಲಿ ಅರ್ಧ ಹಾಗೆಯೇ ಇರುತ್ತದೆ. “ಹ್ವಾಯ್, ಇಲ್ಲ್ ಬನಿ, ಇದ್ರ್ ಕಾಲ್ ಕಾಣಿ,” ಎಂದು ಗಂಡನನ್ನು ಕರೆದೆ. ಹಿಡಿದು ಮಗುಚಿ ನೋಡಿದರೆ ಎಡ ಅಂಗಾಲಿನಲ್ಲಿ ಹುಣಸೆ ಬೀಜದಷ್ಟು ಗಂಟು, ಕೆಂಪಗೆ, ಬಿಸಿಯಾಗಿ. ಅದು ಗೂಡಿನೊಳಗಿನ ಎತ್ತರದ ಅಡ್ಡಕೋಲಿನ ಮೇಲೆ ಮಲಗಿ, ಬೆಳಗ್ಗೆ ಧೊಪ್ಪೆಂದು ಸಿಮೆಂಟಿಗೆ ಹಾರುತ್ತಿತ್ತು. ಹೆಗ್ಗಣ ಮಾಡದ ಕೆಲಸವನ್ನು ನಾನು ಮಾಡಿದ್ದೆ.

ಗಂಡ ಧೈರ್ಯ ಹೇಳಿದರು. ನೆಲ ಮೆತ್ತಗಾದರೆ ಆಯಿತು, ಕಡಲು ಇರುವುದೇ ಮಗ್ಗುಲಲ್ಲಿ. ನಾಲ್ಕು ಬುಟ್ಟಿ ಹೊಯ್ಗೆ, ಅಂದರೆ ದಡದ ಮರಳು, ತಂದು ಸುರಿದರು. ನೋಡಲು ಚೆಂದವೇ ಇತ್ತು. ಮಳೆ ಜೋರಾದಾಗ ಗೊತ್ತಾಯಿತು, ಕಡಲ ಹೊಯ್ಗೆ ಉಪ್ಪಿನ ಭರಣಿಯ ಹಾಗೆ ಬೆವರುತ್ತದೆ. ಎಷ್ಟು ಹರಡಿದರೂ ಒಣಗಲೊಲ್ಲದು. ಹಸಿ ಗಾಯಕ್ಕೆ ಉಪ್ಪು ತಾಗಿ ಹುಂಜ ಒಂದೇ ಕಾಲಿನಲ್ಲಿ, ಕೊಕ್ಕರೆಯ ಹಾಗೆ, ನಿಲ್ಲತೊಡಗಿತು.

ಕಡಲಿನವರಿಗೆ ಹೊಯ್ಗೆಯ ನಂತರ ಹೊಳೆಯುವುದು ಬಲೆ. ಮರದ ಚೌಕಟ್ಟಿಗೆ ಹಳೆಯ ಬಲೆಯನ್ನು ಬಿಗಿದು ನೆಲದಿಂದ ಒಂದು ಮೊಳ ಮೇಲೆ ಕಟ್ಟಿದರು. ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಒಣಗಿರುತ್ತದೆ ಎಂಬ ಯೋಜನೆ. ನಾನೂ ಹೂಂ ಎಂದೆ. ಮರುದಿನ ಬೆಳಗ್ಗೆ ಕೂಗು ಕೇಳಿ ಓಡಿದರೆ ಹುಂಜನ ಬಲಗಾಲಿನ ಹಿಂದಿನ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿ, ರೆಕ್ಕೆ ಬಡಿಯುತ್ತ ತಲೆಕೆಳಗಾಗಿತ್ತು. ಗಂಡ ಒಂದೊಂದೇ ನೂಲು ಕತ್ತರಿಸಿ ಬಿಡಿಸಿದರು. ಪುಣ್ಯಕ್ಕೆ ಆ ಕಾಲಿಗೆ ಏನೂ ಆಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. “ಕಡ್ಲಗೆ ಇಷ್ಟ್ ಸರೀ ಹಿಡ್ದಿರೆ ಎಂದೋ ಉದ್ಧಾರ ಆತಿದ್ದ,” ಎಂದು ಒಳಗೆ ಹೋದರು.

ಆಗ ನಾಚಿಕೆ ಬಿಟ್ಟು ನನ್ನ ಅಕ್ಕನಿಗೆ ಫೋನು ಮಾಡಿದೆ. ಅವಳನ್ನು ಕೊಟ್ಟಿರುವುದು ಕೊಕ್ಕರ್ಣೆಗೆ, ಬೇಸಾಯದ ಮನೆ. ನಲವತ್ತು ಐವತ್ತು ಕೋಳಿ ಯಾವಾಗಲೂ ಇರುತ್ತವೆ. ಮೊದಲೇ ಕೇಳಬಹುದಿತ್ತು. ಆದರೆ ಚಿಕ್ಕಂದಿನಿಂದ ನನ್ನ ಹೆದರಿಕೆಗಳ ಪಟ್ಟಿ ಇಟ್ಟುಕೊಂಡವಳು ಅವಳು, ಇನ್ನೊಂದು ಸೇರಿಸುವ ಮನಸ್ಸಿರಲಿಲ್ಲ.

“ಸಿಮೆಂಟಿನ್ ಮೇಲೆ ನೀನ್ ಚಪ್ಲಿ ಇಲ್ದೆ ಒಂದಿನ ನಿಂತ್ಕಂಡ್ ಕಾಣ್,” ಅಂದಳು. “ಪಾಠ ಮಾಡುಕೆ ಕುರ್ಚಿ ಕೇಂತೆ ನೀನ್. ಅದ್ ಯಾರ್ ಹತ್ರ ಕೇಂಬುದ್?”

“ಹಂಗಾರೆ ಸಿಮೆಂಟ್ ಒಡಿಸ್ಕಾ?”

“ಒಡ್ಸ್‌ಬ್ಯಾಡ. ಅದ್ ಅಡಿಗೆ ಇರ್ಲಿ, ಹೆಗ್ಗಣ ಬತ್ತಿಲ್ಲ. ಮೇಲೆ ಭತ್ತದ್ ಹೊಟ್ಟ್ ಹಾಕ್, ಒಂದ್ ಗೇಣ್ ದಪ್ಪ. ದಿನಾ ಮೇಲೆ ಕೆಳಗ್ ಮಾಡ್ಕ್. ಕೋಲ್ ತಗ್ಗ್ಸ್. ನಿನ್ ಗಂಡನ ಕಳ್ಸ್, ಮಿಲ್ಲಗೆ ಹೊಟ್ಟ್ ಬೇಕಾದಷ್ಟ್ ಇತ್ತ್.”

ಗಂಡ ಗೂಡ್ಸ್ ರಿಕ್ಷಾ ಹಿಡಿದು ಹೋದರು. ಮೂರು ಚೀಲ ಹೊಟ್ಟು, ಮೇಲೆ ಬೋಟಿನ ಟಾರ್ಪಾಲು. ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಸಾಸ್ತಾನದ ಟೋಲ್ ದಾಟುವಾಗ ಒಂದು ಚೀಲದ ಬಾಯಿ ಬಿಚ್ಚಿ, ಕೋಟದವರೆಗೂ ಹಿಂದಿನ ಗಾಡಿಗಳವರೆಲ್ಲ ಹಾರ್ನು ಹಾಕಿದರಂತೆ. ಇವರು ಅದನ್ನು ಗೌರವ ಎಂದುಕೊಂಡು ಕೈಬೀಸಿದರಂತೆ. ಮನೆಗೆ ಬಂದದ್ದು ಎರಡೂಕಾಲು ಚೀಲ, ಅದೂ ಸ್ವಲ್ಪ ತೇವ. ಬಚ್ಚಲ ಒಲೆಯ ಪಕ್ಕ ಹರಡಿ ಒಣಗಿಸಿದೆ. ಕೋಳಿಯ ಹಾಸಿಗೆಗೆ ಶಾಖ ಕೊಡುತ್ತ ಕುಳಿತ ನನ್ನನ್ನು ನೋಡಿ ಗಂಡ, “ನಾನ್ ಬೋಟಗೆ ತಿಂಗಳಾನ್‌ಗಟ್ಳೆ ಹಲಗಿ ಮೇಲೆ ಮನಿಕಂತೆ ಮಾರಾಯ್ತಿ,” ಎಂದರು.

ಹೊಟ್ಟು ಹಾಕಿದ ದಿನ ಹುಂಜ ಬಾಗಿಲಲ್ಲೇ ನಿಂತು ಅನುಮಾನಿಸಿತು. ಆಮೇಲೆ ಒಂದು ಹೆಜ್ಜೆ ಇಟ್ಟು, ಬಲಗಾಲಿನಿಂದ ಕೆರೆಯಿತು. ಉಳಿದಿದ್ದ ಒಂದು ಭತ್ತದ ಕಾಳು ಸಿಕ್ಕಿತು. ಅಲ್ಲಿಂದ ಅದಕ್ಕೆ ಉದ್ಯೋಗ. ನನಗೂ ಉದ್ಯೋಗ: ಶಾಲೆಗೆ ಹೋಗುವ ಮೊದಲು ಹೊಟ್ಟನ್ನು ಗೋರಿ ಮಗುಚುವುದು, ಗಂಟು ಕಟ್ಟಿದ ಒದ್ದೆಯನ್ನು ತೆಂಗಿನ ಬುಡಕ್ಕೆ ಹಾಕುವುದು, ಹುಂಜನ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಅರಿಶಿನ ಎಣ್ಣೆ ಹಚ್ಚಿ, ಬಟ್ಟೆ ಸುತ್ತುವುದು. ಗಂಟು ಮೊದಲು ಮೆತ್ತಗಾಯಿತು, ಆಮೇಲೆ ಒಣಗಿತು, ಒಂದು ದಿನ ಹಕ್ಕಳೆಯಾಗಿ ಉದುರಿತು. ನಾನು ಆ ಕಾಲನ್ನು ದಿನಕ್ಕೆರಡು ಸಲ ನೋಡುವುದನ್ನು ಮಾತ್ರ ಬಿಡಲಿಲ್ಲ. ಸರಿಯಾದ ಕಾಲು ಕೆಡುವುದಕ್ಕೆ ಎಷ್ಟು ಹೊತ್ತು?

ಪೂಜೆಯ ದಿನ ಗಂಡ ಕಡಲಿನಿಂದ ಸಮಯಕ್ಕೆ ಸರಿಯಾಗಿ ಬಂದಿದ್ದರು. ಹುಂಜನನ್ನು ಅತ್ತೆಯೇ ಕಂಕುಳಲ್ಲಿ ಎತ್ತಿಕೊಂಡರು. ದೈವಸ್ಥಾನದ ಅಂಗಳದಲ್ಲಿ ನಾನು ಪೂಜೆ ಮಾಡುವವರ ಹತ್ತಿರ ಹೋಗಿ, ಮಳೆಗಾಲದಲ್ಲಿ ಎಡಗಾಲಿಗೆ ಹೀಗಾಗಿತ್ತು, ಈಗ ವಾಸಿಯಾಗಿದೆ, ಸ್ವಲ್ಪ ಗುರುತು ಉಳಿದಿದೆ ಎಂದು ಎಲ್ಲ ಹೇಳಿಬಿಟ್ಟೆ. ಕೇಳದೆಯೇ. ಗಂಡ ಆಕಾಶ ನೋಡುತ್ತ ನಿಂತರು.

ಪೂಜೆಯವರು ಅಂಗಾಲು ಮಗುಚಿ ನೋಡಿದರು. “ಕೆಳಗ್ ಬಿಡಿ ಕಾಂಬ,” ಎಂದರು.

ಅತ್ತೆ ಬಿಟ್ಟರು. ಹುಂಜ ನಾಲ್ಕು ಹೆಜ್ಜೆ ನೆಟ್ಟಗೆ ನಡೆಯಿತು, ಐದನೆಯದಕ್ಕೆ ಓಡಿತು. ಅಂಗಳದ ಮೂಲೆಯವರೆಗೆ ಅದರ ಹಿಂದೆ ಗಂಡ, ಅವರ ಹಿಂದೆ ಸೆರಗು ಸಿಕ್ಕಿಸಿಕೊಂಡು ನಾನು. ನೆರೆದವರೆಲ್ಲ ನಕ್ಕರು. ಹಿಡಿದು ತಂದಾಗ ಪೂಜೆಯವರು, “ಕಾಲ್ ಲಾಯ್ಕ್ ಇತ್ತ್ ಟೀಚರೇ. ನಿಮ್ದಕ್ಕಿಂತ ಲಾಯ್ಕ್ ಇತ್ತ್,” ಎಂದು ಕೈಗೆ ತೆಗೆದುಕೊಂಡರು. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಹುಂಜ ನನ್ನ ತಲೆಯ ಮೇಲಿಂದ ಇಳಿಯಿತು.

ಮಧ್ಯಾಹ್ನ ಹರಕೆಯ ಪಾಲು ಮನೆಗೆ ಬಂತು. ಮಸಾಲೆ ಅರೆದವರು ಅತ್ತೆ, ರೊಟ್ಟಿ ಬಡಿಸಿದವಳು ನಾನು. ದುಃಖವಾಗಬೇಕಿತ್ತೋ ಏನೋ, ಆಗಲಿಲ್ಲ. ಎದುರಿಗೆ ಕುಳಿತು ಮೂರನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ ಮನುಷ್ಯನನ್ನು ನೋಡುವುದರಲ್ಲೇ ನನಗೆ ಹೊಟ್ಟೆ ತುಂಬುತ್ತಿತ್ತು.

“ಇನ್ನ್ ನಾನ್ ಬಪ್ಪುದ್ ತಡ ಆರೆ ತೆಂಗಿನ್‌ಕಾಯಿ ಹೇಳ್ಕೊ ಮಾರಾಯ್ತಿ,” ಎಂದರು ಬೆರಳು ನೆಕ್ಕುತ್ತ. “ಅದ್ಕೆ ಕಾಲಿಲ್ಲ.”

“ಕಾಯಿ ಕೆಡುದಿಲ್ಯಾ?” ಎಂದೆ ನಾನು.

ಅತ್ತೆ ಮಗನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದರು.