ಮಾಳಿಗೆಯ ತಂಪಿಗೆ ಅವ್ವನ ಕತ್ತು

ಸ್ಪರ್ಧೆಯ ಸುದ್ದಿ ಬಂದ ದಿನವೇ ನಮ್ಮ ಕ್ಲಾಸಿನವರೆಲ್ಲ ಹೈದರಾಬಾದಿನ ಗಾಜಿನ ಕಟ್ಟಡಗಳ ಹಿಂದೆ ಬಿದ್ದರು. ಆರ್ಕಿಟೆಕ್ಚರ್ ಓದುವವರಿಗಾಗಿ ನಡೆಸುವ ಸ್ಪರ್ಧೆ ಅದು. ಒಂದು ಕಟ್ಟಡ ಆರಿಸಿಕೊಂಡು, ಅದರೊಳಗಿನ ಸೆಕೆ, ತಂಪು, ಗಾಳಿ, ಬೆಳಕು ಅಳೆದು, ವಾಸಕ್ಕೆ ಅದು ಎಷ್ಟು ಒಗ್ಗುತ್ತದೆ ಅಂತ ಬರೆಯಬೇಕು. ನಾನು ತೆಲಂಗಾಣದ ಗಡಿಯಲ್ಲಿ ಮಕ್ತಲ್ ಹತ್ತಿರದ ನಮ್ಮೂರಿನಲ್ಲಿರುವ ನಮ್ಮ ಮನೆಯನ್ನೇ ಬರೆಯುತ್ತೇನೆ ಅಂದೆ. ನಮ್ಮ ಗೈಡ್ ಸರ್, "ಅದರ ಆರ್ಕಿಟೆಕ್ಟ್ ಯಾರು?" ಅಂತ ತೆಲುಗಿನಲ್ಲಿ ಕೇಳಿ ಎಲ್ಲರನ್ನೂ ನಗಿಸಿದರು. ನನಗೆ ಮೈಯೆಲ್ಲ ಉರಿಯಿತು.

"ನಮ್ಮ ಮುತ್ತಜ್ಜ ಸರ್. ಡಿಗ್ರಿ ಇರಲಿಲ್ಲ ಅಷ್ಟೆ," ಅಂದೆ.

ನಮ್ಮದು ಮಾಳಿಗೆ ಮನೆ, ಅಂದರೆ ಮಣ್ಣಿನ ಚಾವಣಿಯದು. ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಎಲ್ಲದರ ಮೇಲೆ ಸವಳು ಮಣ್ಣಿನ ದಪ್ಪ ಹೊದಿಕೆ. ಬೇಸಿಗೆಯಲ್ಲಿ ಹೊರಗೆ ಕಾಗೆಯೂ ಬಾಯಿ ತೆರೆದು ಕೂತಿರುವಾಗ ನಮ್ಮ ನಡುಮನೆಯಲ್ಲಿ ದುಪ್ಪಟ್ಟಿ ಹೊದ್ದು ಮಲಗಬಹುದು. ಇದನ್ನು ಲೆಕ್ಕದಲ್ಲಿ ತೋರಿಸಿ ಸರ್ ಬಾಯಿ ಮುಚ್ಚಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ ಕೂತಿತ್ತು.

ಸೆಕೆ ತಂಪನ್ನು ತಾನೇ ಬರೆದಿಟ್ಟುಕೊಳ್ಳುವ ಒಂದು ಸಣ್ಣ ಡಬ್ಬಿಯನ್ನು ಕಾಲೇಜಿನಿಂದ ತಂದು ನಡುಮನೆಯ ಗೂಟಕ್ಕೆ ತೂಗುಹಾಕಿ, "ಅವ್ವಾ, ಇದನ್ನ ಹುಷಾರಾಗಿ ನೋಡ್ಕೋ," ಅಂತ ಹೇಳಿ ಹೋದೆ. ಅಪ್ಪ ಮನೆಯಲ್ಲಿರಲಿಲ್ಲ. ಬೇಸಿಗೆ ಬಂತೆಂದರೆ ಅವನು ಕುರಿಹಿಂಡು ಹೊಡೆದುಕೊಂಡು ಧರೂರಿನ ಕಡೆ ಹೋಗುತ್ತಾನೆ. ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ರಾತ್ರಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ನಮಗೆ ಕಾಳು.

ರಜೆಗೆ ಬಂದು ನೋಡಿದರೆ ಗೂಟ ಖಾಲಿ. ಡಬ್ಬಿ ದೇವರ ಜಗುಲಿಯ ಮೇಲೆ ಬೀರಪ್ಪನ ಪಕ್ಕದಲ್ಲಿ ಕೂತಿತ್ತು. ಮೈತುಂಬ ಭಂಡಾರದ ಅರಿಶಿಣ, ತಲೆಯ ಮೇಲೊಂದು ಹೂವು.

"ನೀನೇ ಹುಷಾರ್ ನೋಡ್ಕೋ ಅಂದಿದ್ದಿ," ಅಂದಳು ಅವ್ವ. "ಇಲಿ ಕಡದಾವು ಅಂತ ದೇವ್ರ ಹಂತ್ಯಾಕ ಇಟ್ಟೀನಿ. ಅದರಾಗ ಲೈಟ್ ಮಿಣಕ್ ಮಿಣಕ್ ಅಂತಿತ್ತು. ಜೀವ ಇದ್ದಿದ್ದಕ್ಕ ಭಂಡಾರ ಹಚ್ಚದ ಹಂಗ ಬಿಡಾಕ ಬರ್ತೈತೇನು?"

ಡಬ್ಬಿ ಬರೆದುಕೊಂಡಿದ್ದನ್ನು ಕಂಪ್ಯೂಟರಿಗೆ ಹಾಕಿದೆ. ದಿನಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಗೆರೆ ದಿಗ್ಗನೆ ಮೇಲೇರಿತ್ತು. ಅವ್ವ ದೀಪ ಹಚ್ಚಿ ಲೋಬಾನ ಹಾಕುವ ಹೊತ್ತು ಅದು. ಸರ್‌ಗೆ ಫೋನು ಮಾಡಿದರೆ, "ಆ ಏರಿಕೆಗಳನ್ನು ಅಳಿಸಿ ಉಳಿದದ್ದನ್ನು ಬಳಸಿಕೋ, ಯಾರು ನೋಡುತ್ತಾರೆ?" ಅಂದರು. ಅಳಿಸುವುದಿಲ್ಲ ಅಂದೆ. ಜಗುಲಿಯ ಲೆಕ್ಕವನ್ನು ನಡುಮನೆಯ ಲೆಕ್ಕ ಅಂತ ಕೊಡುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಡಬ್ಬಿ ಒರೆಸಿ ಮತ್ತೆ ಗೂಟಕ್ಕೆ ಹಾಕಿ, ರಜೆಯೆಲ್ಲ ಅದನ್ನು ಕಾಯುತ್ತ ಊರಲ್ಲೇ ಉಳಿದೆ.

ಹಾಗೆ ಉಳಿದದ್ದರಿಂದ ಮಿರಗದ ಮೊದಲ ಮಳೆಗೆ ಮುಂಚಿನ ಕೆಲಸಕ್ಕೆ ಸಿಕ್ಕಿಬಿದ್ದೆ. ಮಳೆ ಹಿಡಿಯುವ ಮೊದಲು ಮಾಳಿಗೆಗೆ ಹೊಸ ಸವಳು ಹಾಕಿ ಬಡಿಯಬೇಕು, ಇಲ್ಲದಿದ್ದರೆ ಒಳಗೆಲ್ಲ ಸೋರುತ್ತದೆ. ಆ ಹೊತ್ತಿಗೆ ನಮ್ಮ ಗಂಡಸರೆಲ್ಲ ಹಿಂಡಿನ ಜೊತೆ. ಹಾಗಾಗಿ ನಮ್ಮ ಕೇರಿಯಲ್ಲಿ ಮಾಳಿಗೆಯ ಮಣ್ಣು ಹೆಂಗಸರ ತಲೆಗೇ ಬರುತ್ತದೆ. ಸಣ್ಣವಳಿದ್ದಾಗ ನಾನೂ ಹೊತ್ತಿದ್ದೆ. ಹಾಸ್ಟೆಲ್ ಸೇರಿದ ಮೇಲೆ ತಪ್ಪಿಸಿಕೊಂಡಿದ್ದೆ. ಭಾರ ಹೊರಬೇಡಿ ಅಂತ ನಾರಾಯಣಪೇಟೆಯ ಡಾಕ್ಟರು ಅವ್ವನಿಗೆ ಹಿಂದಿನ ವರ್ಷವೇ ಹೇಳಿದ್ದರು. ಅವಳ ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು.

ನಾನು ಎಷ್ಟು ಹೊತ್ತರೂ ಮುಗಿಯಲಿಲ್ಲ. ಕೊನೆಗೆ ಅವಳೂ ಸಿಂಬೆ ಸುತ್ತಿಕೊಂಡು ಬುಟ್ಟಿ ಎತ್ತಿದಳು. ಬೇಡ ಅಂದರೆ ಕೇಳಲಿಲ್ಲ. ಏಣಿಯ ನಡುವೆ ನಿಂತು ಉಸಿರು ಎಳೆದುಕೊಂಡದ್ದನ್ನು ಕೆಳಗಿನಿಂದ ನೋಡಿದೆ. ಅವತ್ತು ಸಂಜೆ ಅವಳನ್ನು ಖುಷಿಪಡಿಸೋಣ ಅಂತ ಕಂಪ್ಯೂಟರ್ ತೆಗೆದು, "ನೋಡವ್ವ, ಹೊರಗ ಎಷ್ಟು ಬಿಸಿಲು, ನಮ್ಮನಿ ಒಳಗ ಎಷ್ಟು ತಂಪೈತಿ," ಅಂತ ತೋರಿಸಿದೆ.

"ತಂಪೈತಿ, ಯಾರು ಇಲ್ಲಂದ್ರು?" ಅಂದಳು ಅವ್ವ, ಕತ್ತಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ನನ್ನ ಕತ್ತು ತಿರುಗವಲ್ದು. ಅದನ್ನೂ ಅಳಿತೈತೇನು ನಿನ್ನ ಡಬ್ಬಿ? ಬರೋ ಬ್ಯಾಸಿಗಿಗೆ ಸ್ಲ್ಯಾಬ್ ಹಾಕ್ಸೂದ. ನಿಮ್ಮಪ್ಪಗೂ ಹೇಳೀನಿ."

ಸಿಟ್ಟು ಬಂತು, ಅವಳ ಮೇಲಲ್ಲ. ನನ್ನ ಬರಹದಲ್ಲಿ ಗೋಡೆಯ ದಪ್ಪ ಇತ್ತು, ಕಿಟಕಿಯ ಅಳತೆ ಇತ್ತು, ಮಣ್ಣು ಮೇಲೆ ಹೇಗೆ ಹೋಗುತ್ತದೆ ಅನ್ನುವ ಮಾತೇ ಇರಲಿಲ್ಲ. ಕಾಲೇಜಿಗೆ ಹೋದವಳೇ ಕೊನೆಗೊಂದು ಪುಟ ಸೇರಿಸಿದೆ. ಈ ತಂಪು ಪುಕ್ಕಟೆ ಬಂದದ್ದಲ್ಲ, ಪ್ರತಿ ವರ್ಷ ಒಬ್ಬ ಹೆಂಗಸಿನ ಕತ್ತಿನಿಂದ ಬಂದದ್ದು. ಈ ಮಾಳಿಗೆಯನ್ನು ನಾವು ಕೆಡವುತ್ತೇವೆ. ಸ್ಲ್ಯಾಬಿನ ಕೆಳಗೂ ಅವಳು ತಂಪಾಗಿ ಮಲಗುವ ಹಾಗೆ ಮಾಡುವುದು ನನ್ನ ಕೆಲಸ. ಹೀಗೆ ಬರೆದೆ. ಸರ್ ತಲೆ ಹಿಡಿದುಕೊಂಡು ಕೂತರು.

ಕಡೆಯ ಸುತ್ತಿಗೆ ನನ್ನದೂ ಆಯ್ಕೆಯಾಯಿತು. ಅದು ನಡೆದದ್ದು ಮರುವರ್ಷದ ಬೇಸಿಗೆಯಲ್ಲಿ, ಹೈದರಾಬಾದಿನ ಎಸಿ ಹಾಲಿನಲ್ಲಿ. ತೀರ್ಪುಗಾರರಲ್ಲಿ ಹಿರಿಯರಾದ ಒಬ್ಬ ಮೇಡಂ ನನ್ನ ಚಿತ್ರಗಳನ್ನು ಕೈಯಲ್ಲಿ ಹಿಡಿದು, "ಎಷ್ಟು ಚೆಂದದ ಮನೆ. ಇಂಥದ್ದನ್ನು ಕೆಡವುತ್ತೀನಿ ಅಂತ ಬರೆಯಲು ಮನಸ್ಸಾದರೂ ಹೇಗೆ ಬಂತು? ಈ ಪುಟ ತೆಗೆದರೆ ಇದು ಮೊದಲ ಬಹುಮಾನದ ಕೆಲಸ," ಅಂದರು.

ಹಿಂದಿನ ಸಾಲಿನಿಂದ ಸರ್ 'ಹೂಂ ಅನ್ನು' ಅಂತ ಸನ್ನೆ ಮಾಡುತ್ತಿದ್ದರು. ಮೊದಲ ಬಹುಮಾನ ಬಂದರೆ ದೊಡ್ಡ ಆಫೀಸೊಂದರಲ್ಲಿ ಕೆಲಸ ಕಲಿಯುವ ಅವಕಾಶ ಸಿಗುತ್ತಿತ್ತು. ನನಗೆ ಅದು ಬೇಕಾಗಿತ್ತು. ಬಹಳ ಬೇಕಾಗಿತ್ತು.

"ಮೇಡಂ, ಮಳೆಗೆ ಮುಂಚೆ ನಮ್ಮೂರಿಗೆ ಬನ್ನಿ," ಅಂದೆ ತೆಲುಗಿನಲ್ಲಿ. "ಮಣ್ಣಿನ ಬುಟ್ಟಿ ನಿಮ್ಮ ತಲೆಯ ಮೇಲಿಟ್ಟು ಏಣಿ ಹತ್ತಿಸುತ್ತೇನೆ. ಇಳಿದ ಮೇಲೂ ಮಾಳಿಗೆ ಉಳಿಸಿಕೊಳ್ಳಿ ಅಂತ ನೀವು ಅಂದರೆ ಪುಟ ತೆಗೆಯುತ್ತೇನೆ."

ಬಹುಮಾನ ಒಂದು ಗಾಜಿನ ಕಟ್ಟಡಕ್ಕೆ ಹೋಯಿತು. ಸರ್ ನನ್ನ ಜೊತೆ ಮಾತಾಡದೆ ಕಾರು ಹತ್ತಿದರು. ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

"ಗೆದ್ದ್ಯೇನ?"

"ಇಲ್ಲವ್ವ. ಮಾಳಿಗಿ ಕೆಡವಬ್ಯಾಡ್ರಿ, ಉಳಿಸ್ಕೋರಿ ಅಂದ್ರು. ನಾ ಆಗಂಗಿಲ್ಲ ಅಂದೆ."

ಅತ್ತ ಕಡೆ ಏನೋ ದಡಬಡ ಬೀಳುತ್ತಿತ್ತು.

"ಅವ್ರ ಮನಿ ಮ್ಯಾಲ ಏನೈತಿ?" ಅಂತ ಕೇಳಿದಳು ಅವ್ವ.

"ಸ್ಲ್ಯಾಬ್ ಐತವ್ವ."

"ಹಂಗಾರ ಬಿಡು. ನಾ ಏನ್ ನಿನ್ನ ಬಹುಮಾನ ಕಾಯ್ಕೊಂತ ಕುಂತಿಲ್ಲ. ಮುಂಜಾನಿಂದ ಜಂತಿ ಬಿಚ್ಚಾಕ ಹತ್ಯಾರ. ನೀ ಸಂಜಿ ಬಸ್ಸಿಗೆ ಬಾ."