ಎರಡು ಡಬ್ಬಿಯ ಚಟ್ನಿ

ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷ. ಮಿರಜಿನ ಪೇಟೆಗೆ ಹೊಂದಿಕೊಂಡ ಹಳೆಯ ಮನೆ, ನಾಲ್ಕು ತಲೆಮಾರು, ಹನ್ನೊಂದು ಜನ, ಒಂದೇ ಅಡುಗೆಮನೆ. ಬೆಳಿಗ್ಗೆ ಬಚ್ಚಲಿಗೆ ಪಾಳಿ. ಮಾವನವರು ಸಾಂಗಲಿಯ ಅರಿಶಿಣ ಪೇಟೆಗೆ ಹೊರಡುವ ಹೊತ್ತಿಗೆ ಕನ್ನಡಿಗೆ ಪಾಳಿ. ಸಿಟ್ಟು ಮಾಡಿಕೊಂಡು ಮುಖ ತಿರುಗಿಸಿ ಕೂಡಬೇಕೆಂದರೆ ಮೂಲೆಗೂ ಪಾಳಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಆ ಮೂಲೆ ಬಹಳ ಸಲ ನನ್ನ ಪಾಲಿಗೇ ಬರುತ್ತಿತ್ತು.

ಜಗಳದ ಮೂಲ ಚಟ್ನಿ. ನಮ್ಮ ಕಡೆ ಚಟ್ನಿ ಎಂದರೆ ಇಡ್ಲಿಗೆ ಹಚ್ಚಿಕೊಳ್ಳುವುದಲ್ಲ. ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊಬ್ಬರಿ, ಮಸಾಲೆ ಎಲ್ಲ ಹುರಿದು, ಡಂಕು ಎಂಬ ಖಾರದ ಗಿರಣಿಯಲ್ಲಿ ಕುಟ್ಟಿಸಿ, ಭರಣಿ ತುಂಬಿ ಇಡುವ ವರ್ಷದ ಖಾರ. ಪಲ್ಯಕ್ಕೂ ಅದೇ, ಸಾರಿಗೂ ಅದೇ. ಅತ್ತೆಯವರ ಚಟ್ನಿ ತಿಂದರೆ ಕಿವಿಯಲ್ಲಿ ಹೊಗೆ ಬರುತ್ತದೆ. ನನ್ನ ತವರು ಕವಲಾಪುರದ ಚಟ್ನಿ ಕೊಬ್ಬರಿ, ಎಳ್ಳು ಹೆಚ್ಚಿಗೆ ಬಿದ್ದ ಸೌಮ್ಯ ಚಟ್ನಿ. ನನ್ನ ಮಗಳು ಒಂದು ಕೈಯಲ್ಲಿ ಜೋಳದ ಭಾಕರಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು, ಖಾರ ಖಾರ ಎಂದು ಅಳುತ್ತ ಉಣ್ಣುತ್ತಿದ್ದಳು.

ಹೋದ ವರ್ಷ ನಾನು ಹಟ ಹಿಡಿದೆ. ಮೇಲಿನ ಕೋಣೆಯಲ್ಲಿ ಗ್ಯಾಸಿನ ಒಲೆ ತಂದು ಕೂಡಿಸಿ, ಬೇರೆ ಅಡುಗೆ ಮಾಡಿಕೊಳ್ಳುತ್ತೇನೆ ಎಂದೆ. ಅತ್ತೆ ತುಟಿ ಬಿಗಿದು ಮಾತು ಬಿಟ್ಟರು. ಎಲ್ಲರೂ ಆಯಿಯ ಮುಖ ನೋಡಿದರು. ಆಯಿ ಎಂದರೆ ಮಾವನವರ ತಾಯಿ, ಮನೆಗೆಲ್ಲ ಹಿರಿಯರು.

"ಒಲಿ ಬ್ಯಾರೆ ಆತು ಅಂದ್ರ ಚಟ್ನಿನೂ ಬ್ಯಾರೆ ಮಾಡ್ಕೋಬೇಕು. ಅದ ನಮ್ಮ ಮನೀ ರೀತಿ," ಎಂದರು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೇಳಿದರು, "ನಾ ಎಲ್ಲಿ ಉಣ್ಣಲೆವ್ವಾ?"

"ನಿಮಗ ಎಲ್ಲಿ ಬೇಕ ಅಲ್ಲಿ ಉಣ್ರಿ, ಆಯಿ," ಎಂದೆ. ಗೆದ್ದ ಖುಷಿಯಲ್ಲಿದ್ದೆ, ಅವರ ಕಾಲಿನ ಕಡೆ ನೋಡಲೇ ಇಲ್ಲ. ಒಲೆ ತಂದು ಮೇಲೆ ಕೂಡಿಸಿದೆ, ಚಟ್ನಿ ತಯಾರಾದ ದಿನದಿಂದ ಅದನ್ನು ಹೊತ್ತಿಸುವುದು ಎಂದುಕೊಂಡೆ.

ಬಿಸಿಲಿಗೆ ಎರಡು ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಒಣಗಿಸಿದೆವು, ಒಂದು ಅತ್ತೆಯವರದು, ಒಂದು ನನ್ನದು. ಹುರಿಯುವ ದಿನ ಮನೆಗೆ ಮನೆಯೇ ಸೀನಿತು. ಮಾತು ಬಿಟ್ಟ ಅತ್ತೆ, ಸೊಸೆ ಕೂಡ ಜೊತೆಯಾಗಿಯೇ ಸೀನಿದೆವು. ಎರಡು ಡಬ್ಬಿ ತುಂಬಿ, ನನ್ನದಕ್ಕೆ ಗುರುತಿಗೆ ಮಗಳ ಕೆಂಪು ರಿಬ್ಬನ್ ಕಟ್ಟಿ, ಗಂಡನ ಸ್ಕೂಟರ್ ಮೇಲೆ ಡಂಕಿಗೆ ಕಳಿಸಿದೆ.

ಸಂಜೆ ತಿರುಗಿ ಬಂದಾಗ ಎರಡೂ ಡಬ್ಬಿಯಲ್ಲಿ ಒಂದೇ ಬಣ್ಣ, ಒಂದೇ ವಾಸನೆ. ನನಗೆ ಪಿತ್ತ ನೆತ್ತಿಗೇರಿತು. ಅದೇ ಸ್ಕೂಟರ್ ಹತ್ತಿ ಹೋದೆ. ಡಂಕು ನಡೆಸುವ ಹೆಂಗಸು, ಊರಿಗೆಲ್ಲ ಮಾವಶಿ, ಮೈಯೆಲ್ಲ ಕೆಂಪು ಪುಡಿ ಮಾಡಿಕೊಂಡು ನಿಂತಿದ್ದಳು.

"ಎಷ್ಟ ವರ್ಷದಿಂದ ನಿಮ್ಮ ಮನೀದು ಒಂದ ಸಲಕ್ಕ ಕುಟ್ಟೇನಿ! ಈ ಸಲ ಒಂದ ಡಬ್ಬಿ ಸಾಲಲಿಲ್ಲ, ಎರಡರಾಗ ತುಂಬ್ಯಾರ ಅಂತ ತಿಳದು ಕೂಡಿಸಿ ಸುರುವಿದ್ನಿ. ಮನಿ ಒಂದ ಐತೆಲ್ಲರಿ?"

ಕುಟ್ಟಿದ ಖಾರವನ್ನು ಬೇರೆ ಮಾಡುವ ಜರಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ದಾರಿಯಲ್ಲಿ ಸಿಟ್ಟಿನ ಜೊತೆ ನಗುವೂ ಬರತೊಡಗಿತು. ಮನೆಗೆ ಬಂದು ಹೇಳಿದಾಗ ಮೊದಲು ನಕ್ಕವರು ಅತ್ತೆ, ಸೆರಗು ಬಾಯಿಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ.

ಅಂದು ಊಟಕ್ಕೆ ಕುಳಿತಾಗ ಮಗಳು ತಂಬಿಗೆ ಮುಟ್ಟದೆ ಎರಡನೆಯ ಭಾಕರಿಗೆ ಕೈ ಚಾಚಿದಳು. ಅತ್ತೆ "ಸಪ್ಪ ಆಗೇತಿ" ಎನ್ನುತ್ತಲೇ ಮತ್ತೆ ಮತ್ತೆ ಹಚ್ಚಿಕೊಂಡರು. ಬೆರಳು ನೆಕ್ಕುತ್ತಿದ್ದ ಆಯಿ ನನ್ನ ಕಡೆ ಬಾಗಿ, ಮೆಲ್ಲಗೆ ಅಂದರು:

"ಎಲ್ಲಿ ಬೇಕ ಅಲ್ಲಿ ಉಣ್ರಿ ಅಂದಿದ್ದಿ. ಮ್ಯಾಲ ಹೋಗಾಕ ಹದಿನೇಳ ಪಾವಟಿಗಿ ಅದಾವ. ನಿನ್ನ ಕೈ ಭಾಕ್ರಿ ತಪ್ಪತೈತಿ ಅಂತ ದಿನಾ ಕೆಳಗ ನಿಂತು ಎಣಸತಿದ್ನಿ."

ಹದಿನೈದು ವರ್ಷ ದಿನಾ ಹತ್ತಿ ಇಳಿದ ಮೆಟ್ಟಿಲು, ನಾನು ಒಂದು ದಿನವೂ ಎಣಿಸಿರಲಿಲ್ಲ.

ಮರುದಿನ ಮೇಲಿನ ಒಲೆಯನ್ನು ಕೆಳಗಿಳಿಸಿ ಅತ್ತೆಯವರ ಒಲೆಯ ಪಕ್ಕದಲ್ಲಿ ಕೂಡಿಸಿದೆ. ನನಗೊಂದು ಒಲೆ ಬೇಕಿತ್ತು, ಆ ಹಟ ಬಿಟ್ಟಿಲ್ಲ. ಈಗ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಪಲ್ಯ, ನಡುವೆ ಕುರ್ಚಿ ಹಾಕಿಕೊಂಡ ಆಯಿ. ಎರಡೂ ಕಡೆ ತಾಟು ಚಾಚುತ್ತಾರೆ, ಎರಡರಲ್ಲೂ ಹುಳುಕು ತೆಗೆಯುತ್ತಾರೆ, ಎರಡನ್ನೂ ಖಾಲಿ ಮಾಡುತ್ತಾರೆ.