ಪರೀಕ್ಷೆಗೆ ರೋಗಿಯಾಗಿ ಬಂದ ಅಪ್ಪ

ಆಂಬುಲೆನ್ಸ್ ಕೆಲಸದ ತರಬೇತಿಗೆ ಸೇರಿದ್ದೇನೆ ಎಂದು ಮನೆಯಲ್ಲಿ ಹೇಳಿದ ದಿನ ಅಮ್ಮ ಅತ್ತಳು. ಅಪ್ಪ ನನ್ನ ವಾಕ್ಯ ತಿದ್ದಿದರು.

"ಆಂಬುಲೆನ್ಸಲ್ಲಿ ಕೆಲಸ ಅಂದ್ರೆ ಡ್ರೈವರ್ ಅಂತ ಅರ್ಥ ಬರತ್ತೆ. ಸರಿಯಾಗಿ ಹೇಳು. ಏನು ಕೆಲಸ?"

"ಗಾಡಿ ಹಿಂದೆ ರೋಗಿ ಜೊತೆ ಕೂತ್ಕೊಂಡು, ಆಸ್ಪತ್ರೆ ಸೇರೋವರೆಗೂ ಜೀವ ಹಿಡಿದಿಡೋ ಕೆಲಸ."

"ಅದಕ್ಕೆ ನರ್ಸ್ ಅಂತಾರೆ."

"ನರ್ಸ್ ಅಲ್ಲಪ್ಪ."

"ಡಾಕ್ಟರಾ?"

"ಅಲ್ಲ."

"ಎರಡೂ ಅಲ್ಲ ಅಂದ್ಮೇಲೆ ಜನ ನಿನ್ನ ಮಾತು ಯಾಕೆ ಕೇಳ್ತಾರೆ?"

ಅಪ್ಪ ನಿವೃತ್ತರಾಗುವ ತನಕ ಕಾಟನ್‌ಪೇಟೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದರು. ಮದುವೆ ಪತ್ರಿಕೆ, ಪಂಚಾಂಗ, ಶಾಲೆಯ ಗೈಡು, ಏನೇ ಬರಲಿ, ಅದರಲ್ಲಿ ತಪ್ಪು ಇದ್ದೇ ಇದೆ ಎಂಬ ನಂಬಿಕೆಯಿಂದಲೇ ಓದುತ್ತಿದ್ದರು. ಕೆಲಸ ಬಿಟ್ಟ ಮೇಲೆ ತಿದ್ದಲು ಮನೆಯವರು ಮಾತ್ರ ಉಳಿದೆವು. ನಮ್ಮದು ಚಾಮರಾಜಪೇಟೆಯ ವಠಾರದಲ್ಲಿ ಎರಡು ಕೋಣೆಯ ಮನೆ. ನಾನು ಬಿ.ಎಸ್ಸಿ. ಮುಗಿಸಿ, ಒಂದು ಲ್ಯಾಬಿನಲ್ಲಿ ಬೆಳಗಿಂದ ಸಂಜೆಯವರೆಗೆ ಮೂತ್ರದ ಬಾಟಲಿಗೆ ಚೀಟಿ ಅಂಟಿಸಿ ಸಾಕಾಗಿ ಹೋಗಿದ್ದೆ. ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಂಬುಲೆನ್ಸ್ ಅಂದರೆ ಹೆಣ ಸಾಗಿಸುವ ವ್ಯಾನು ಎಂದೇ ನಮ್ಮ ವಠಾರದವರು ಇನ್ನೂ ತಿಳಿದಿದ್ದ ಕಾಲ. ಅದು ಬೀದಿಗೆ ಬಂದರೆ ಎದುರುಮನೆಯ ಆಂಟಿ ಬಾಗಿಲು ಹಾಕಿಕೊಂಡುಬಿಡುತ್ತಿದ್ದರು.

ತರಬೇತಿ ನಡೆಯುತ್ತಿದ್ದದ್ದು ಬಸವನಗುಡಿಯ ಒಂದು ಮದುವೆ ಛತ್ರದ ಮಹಡಿಯಲ್ಲಿ. ಬಾಡಿಗೆ ಕಡಿಮೆ ಅಂತ ಆ ಜಾಗ ಹಿಡಿದಿದ್ದರು. ಮುಹೂರ್ತ ಇಲ್ಲದ ತಿಂಗಳಲ್ಲಿ ಸೇರಿದವರಿಗೆ ಇದರ ಕಷ್ಟ ಗೊತ್ತಾಗಲಿಲ್ಲ. ಮಾಘ ಮಾಸ ಬಂತು ನೋಡಿ, ಕೆಳಗಿನಿಂದ ಒಗ್ಗರಣೆಯ ಘಾಟು ಮೇಲೆ ಬಂದು ಕ್ಲಾಸಿಗೆ ಕ್ಲಾಸೇ ಕೆಮ್ಮತೊಡಗಿತು. ಎದೆ ಒತ್ತುವುದನ್ನು ಕಲಿಯುವಾಗ ನಾವು ಬೊಂಬೆಯ ಮೇಲೆ ಬಾಗಿ ಒಂದು, ಎರಡು, ಮೂರು ಎಂದು ಲೆಕ್ಕ ಹಾಕುತ್ತಿದ್ದರೆ ಕೆಳಗೆ ಗಟ್ಟಿಮೇಳ ಶುರುವಾಗುತ್ತಿತ್ತು. ಕೈಗಳು ತಾವಾಗಿಯೇ ಡೋಲಿನ ಹಿಂದೆ ಓಡುತ್ತಿದ್ದವು. ನಮ್ಮ ಮೇಷ್ಟ್ರು ಸೇನೆಯಲ್ಲಿ ನರ್ಸಿಂಗ್ ಕೆಲಸ ಮಾಡಿ ನಿವೃತ್ತರಾದವರು. "ರೋಗಿ ಸತ್ತ! ಮದುವೆ ಆಯ್ತು, ರೋಗಿ ಸತ್ತ! ಮತ್ತೆ ಮೊದಲಿಂದ!" ಎಂದು ಕೂಗುತ್ತಿದ್ದರು.

ಅವರೇ ಒಂದು ದಿನ ಹೇಳಿದರು: "ಬೊಂಬೆ ಹತ್ರ ಕಲಿತದ್ದು ಸಾಕು. ಬೊಂಬೆ ಮಾತಾಡಲ್ಲ. ಮನೇಲಿ ಜೀವ ಇರೋರ ಮೇಲೆ ಅಭ್ಯಾಸ ಮಾಡಿ. ಕೊನೇ ಪರೀಕ್ಷೆಗೆ ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನ ರೋಗಿಯಾಗಿ ಕರ್ಕೊಂಡು ಬರಬೇಕು."

ಅಮ್ಮನನ್ನು ಕೇಳಿದೆ. "ನಾನು ಸುಮ್ಮನೆ ಮಲಗಿದ್ರೆ ಅಡಿಗೆ ಯಾರು ಮಾಡ್ತಾರೆ?" ಎಂದಳು. ಉಳಿದವರು ಅಪ್ಪ.

ಮೊದಲ ದಿನ ಚಾಪೆ ಹಾಸಿ, "ಅಪ್ಪ, ಸ್ಕೂಟರಿಂದ ಬಿದ್ದು ಪ್ರಜ್ಞೆ ತಪ್ಪಿದೆ ಅಂದ್ಕೊಂಡು ಮಲಗಿ" ಎಂದೆ.

ಅಪ್ಪ ಚಾಪೆ ನೋಡಿದರು. "ಇದು ಉತ್ತರಕ್ಕೆ ತಲೆ ಬರತ್ತೆ."

ಚಾಪೆ ತಿರುಗಿಸಿದೆ. ಮಲಗಿ ಕಣ್ಣು ಮುಚ್ಚಿದರು. ನಾನು ಮಂಡಿಯೂರಿ, ಭುಜ ತಟ್ಟಿ, ಕಲಿಸಿದ ಹಾಗೆ ಇಂಗ್ಲಿಷಿನಲ್ಲಿ, ಸರ್ ನನ್ನ ಮಾತು ಕೇಳಿಸ್ತಿದೆಯಾ ಎಂದು ಗಟ್ಟಿಯಾಗಿ ಕೂಗಿದೆ.

"ಚಿಕ್ಕಪೇಟೇಲಿ ಬಿದ್ದಿರೋ ಕೂಲಿಯವನನ್ನೂ ಇಂಗ್ಲಿಷಲ್ಲೇ ಕೇಳ್ತೀಯಾ?" ಕಣ್ಣು ಮುಚ್ಚಿಕೊಂಡೇ ಅಪ್ಪ ಕೇಳಿದರು.

"ಅಪ್ಪ, ನಿಮಗೆ ಪ್ರಜ್ಞೆ ಇಲ್ಲ."

"ಅದಿರ್ಲಿ. ನನಗೆ ಸ್ಕೂಟರ್ ಓಡಿಸೋಕೇ ಬರಲ್ವಲ್ಲ. ಹೇಗೆ ಬಿದ್ದೆ?"

"ಹಿಂದೆ ಕೂತಿದ್ರಿ."

"ಯಾರ ಹಿಂದೆ?"

ಹೀಗೆ. ಪ್ರತಿ ಸಂಜೆ ಹೀಗೆ. ಕಾಲು ಮುರಿದಿದೆ ಅಂದರೆ ಯಾವ ಕಾಲು, ಮುರಿಯುವಾಗ ಮಳೆ ಬರುತ್ತಿತ್ತೇ ಎಂದು ಕೇಳುತ್ತಿದ್ದರು. ಕತ್ತಿಗೆ ಪಟ್ಟಿ ಕಟ್ಟಿದರೆ ಅದನ್ನು ಕಟ್ಟಿಕೊಂಡೇ ಪೇಪರ್ ಓದಲು ಕೂರುತ್ತಿದ್ದರು. ಒಂದು ಸಲ ನಾನು ರೇಗಿ ಬ್ಯಾಂಡೇಜು ಎಸೆದುಬಿಟ್ಟೆ. ಅದನ್ನು ಎತ್ತಿ ಮಟ್ಟಸವಾಗಿ ಸುರುಳಿ ಸುತ್ತಿ ಕೈಗೆ ಕೊಟ್ಟು, "ರೋಗಿ ಮುಂದೆ ಕೋಪ ಮಾಡ್ಕೋಬಾರದು ಅಂತ ನಿಮ್ಮ ಪುಸ್ತಕದಲ್ಲೇ ಇದೆ" ಎಂದರು. ನನ್ನ ಪುಸ್ತಕವನ್ನು ಓದಿದ್ದರು! ಓದಿ, ಅಚ್ಚಿನ ತಪ್ಪುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು.

ಒಂದು ಭಾನುವಾರ ನನ್ನ ಜೊತೆ ಕಲಿಯುತ್ತಿದ್ದ ಇಬ್ಬರು ಹುಡುಗರು ಬೆನ್ನುಮೂಳೆ ಕದಲದಂತೆ ರೋಗಿಯನ್ನು ಮಲಗಿಸುವ ಉದ್ದನೆ ಹಲಗೆಯನ್ನು ಆಟೋದಲ್ಲಿ ಅಡ್ಡಡ್ಡ ಇಟ್ಟುಕೊಂಡು ಬಂದರು. ಅಪ್ಪನನ್ನು ಅದರ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಮೂವರೂ ಎತ್ತಿದೆವು. ಕಾಲು ಮುಂದೆ, ತಲೆ ಹಿಂದೆ. ತಲೆಯ ಕಡೆ ಇರುವವರಿಗೆ ರೋಗಿಯ ಮುಖ ಕಾಣುತ್ತಿರಬೇಕು, ಅದಕ್ಕೇ ಆ ನಿಯಮ. ಹೊಸ್ತಿಲು ದಾಟುವಷ್ಟರಲ್ಲಿ ಅಮ್ಮ ಒಳಗಿನಿಂದ ಕಿರುಚಿದಳು.

"ಕಾಲು ಮುಂದಾಗಿ ಹೊರಗೆ ಒಯ್ತಿದೀರಲ್ಲೇ! ಯಾರನ್ನ ಹಾಗೆ ಒಯ್ಯೋದು ಅಂತ ಗೊತ್ತಿಲ್ವಾ ನಿನಗೆ?"

ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಎದುರುಮನೆಯ ಆಂಟಿ ಕೊಡ ಅಲ್ಲೇ ಬಿಟ್ಟು ಓಡಿ ಬಂದರು. "ಅಯ್ಯೋ, ಏನಾಯ್ತು ಯಜಮಾನ್ರಿಗೆ? ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ!" ಎಂದು ಅಳತೊಡಗಿದರು. ಅಪ್ಪ ಹಲಗೆಯ ಮೇಲಿಂದಲೇ, "ಏನಿಲ್ಲಮ್ಮ, ಅಭ್ಯಾಸ" ಎಂದರು. ಅಳು ನಿಲ್ಲಲಿಲ್ಲ. ಕೊನೆಗೆ ತಾವೇ ಪಟ್ಟಿ ಬಿಚ್ಚಿಕೊಂಡು, ಇಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು ಅಂಗಡಿ ಕಡೆ ನಡೆದರು. ಹುಡುಗರಿಬ್ಬರೂ ಖಾಲಿ ಹಲಗೆ ಹಿಡಿದು ನನ್ನ ಮುಖ ನೋಡಿದರು.

ಈ ಅಭ್ಯಾಸದಲ್ಲಿ ಒಂದು ಮಾತ್ರ ನಿಜವಾಗಿತ್ತು. ಬಿ.ಪಿ. ನೋಡುವುದು ಕಲಿಯುತ್ತಿದ್ದಾಗ ಅಪ್ಪನದು ನೂರೆಪ್ಪತ್ತರ ಮೇಲೆ ಬಂತು. ಮರುದಿನವೂ ಹಾಗೇ. ಅಮ್ಮನದನ್ನು ನೋಡಿದೆ, ಸರಿಯಾಗಿಯೇ ಇತ್ತು. "ಅಪ್ಪ, ಡಾಕ್ಟರಿಗೆ ತೋರಿಸೋಣ" ಎಂದೆ.

"ನೀನಿನ್ನೂ ಕಲೀತಿದೀಯ. ನಿನಗೆ ಸರಿಯಾಗಿ ಕೇಳಿಸಿರಲ್ಲ."

"ಎರಡು ದಿನಾನೂ ತಪ್ಪು ಕೇಳಿಸತ್ತಾ?"

"ಒಂದೇ ತಪ್ಪು ಎರಡು ಪ್ರೂಫಲ್ಲೂ ಉಳ್ಕೊಳ್ಳತ್ತೆ. ನಾನು ನೋಡಿದೀನಿ."

ಇಂಥವರ ಹತ್ತಿರ ಏನು ಮಾತಾಡುವುದು? ಬಿಟ್ಟೆ.

ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೊರಟರು. ಕೆಳಗೆ ಯಾರದೋ ನಿಶ್ಚಿತಾರ್ಥ. ಬಾಗಿಲಲ್ಲಿ ನಿಂತಿದ್ದ ಹುಡುಗಿ ನಮಗೂ ಪನ್ನೀರು ಚಿಮುಕಿಸಿದಳು. ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ನಮ್ಮ ಸರದಿ ಬಂದಾಗ ಅವರು ಅಪ್ಪನನ್ನು ಮೂಲೆಗೆ ಕರೆದು ಕಿವಿಯಲ್ಲಿ ಏನೋ ಹೇಳಿ ಕುರ್ಚಿಯಲ್ಲಿ ಕೂರಿಸಿದರು. ರೋಗಿಗೆ ಏನಾಗಿದೆ ಎಂಬುದನ್ನು ನಾನು ಕೇಳಿ, ನೋಡಿ ಕಂಡುಹಿಡಿಯಬೇಕು. ಹತ್ತು ನಿಮಿಷ ಸಮಯ. ನಮ್ಮ ಮೇಷ್ಟ್ರು ಕುರ್ಚಿಯ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು.

"ನಮಸ್ಕಾರ ಸರ್. ಏನು ತೊಂದರೆ ನಿಮಗೆ?"

"ಏನೂ ಇಲ್ಲಮ್ಮ. ಸ್ವಲ್ಪ ಗ್ಯಾಸ್ಟ್ರಿಕ್ಕು."

"ಎಲ್ಲಾದ್ರೂ ನೋವಿದೆಯಾ?"

"ನೋವು ಅಂತ ಏನಿಲ್ಲ."

"ಎದೆಯಲ್ಲಿ?"

"ಒಂಥರಾ ಹಿಡ್ಕೊಂಡಿದೆ. ರಾತ್ರಿ ಕಡಲೆಬೇಳೆ ಹೋಳಿಗೆ ತಿಂದಿದ್ದೆ. ಗ್ಯಾಸೇ ಅದು. ಒಂದು ಸೋಡಾ ಕುಡಿದ್ರೆ ಹೋಗತ್ತೆ."

"ಕೈಗೆ, ಕುತ್ತಿಗೆಗೆ ಏನಾದ್ರೂ ಹರಡಿದೆಯಾ?"

"ಇಲ್ವಲ್ಲ." ಹೇಳುತ್ತಾ ಎಡಗೈ ಉಜ್ಜಿಕೊಂಡರು.

"ಕೈ ಯಾಕೆ ಉಜ್ಕೋತಿದೀರ?"

"ಬ್ಯಾಗ್ ಹಿಡ್ಕೊಂಡು ಬಂದೆನಲ್ಲ, ಅದಕ್ಕೆ."

ಅಪ್ಪ ಬ್ಯಾಗೇ ತಂದಿರಲಿಲ್ಲ. ಡಾಕ್ಟರು ಗಡಿಯಾರ ನೋಡಿದರು. ನಾನು ಬಿ.ಪಿ. ಪಟ್ಟಿ ಸುತ್ತಲು ಹೋದರೆ, "ಅದೆಲ್ಲ ಬೇಡ, ಮನೆಗೆ ಹೋಗಿ ಸ್ವಲ್ಪ ಮಲಗಿದ್ರೆ ಸರಿಹೋಗತ್ತೆ" ಎಂದು ಏಳಲು ನೋಡಿದರು. ತಿಂಗಳುಗಟ್ಟಲೆ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಂತು.

"ಅಪ್ಪ! ಸುಳ್ಳು ಹೇಳ್ಬೇಡಿ! ಕೂತ್ಕೊಳ್ಳಿ ಸುಮ್ಮನೆ! ಇಲ್ಲೂ ಮಾನ ಕಳೀತೀರಲ್ಲ!"

ಅಪ್ಪ ಕೂತರು. ಡಾಕ್ಟರು ಏನೋ ಬರೆದುಕೊಂಡು, ಸಮಯ ಮುಗಿಯಿತು ಎಂದರು.

ನಾನು ಫೇಲು. ನನ್ನೊಂದಿಗೆ ಗಟ್ಟಿಮೇಳಕ್ಕೆ ಎದೆ ಒತ್ತಿದವರೆಲ್ಲ ಪಾಸು. ರೋಗಿಯ ಮೇಲೆ ಕೂಗಿದ್ದಕ್ಕೆ ಮೊದಲು ಅಂಕ ಹೋಗಿತ್ತು, ಎದೆನೋವಿಗೆ ಮಾಡಬೇಕಾದದ್ದನ್ನು ಮಾಡದ್ದಕ್ಕೆ ಉಳಿದದ್ದೂ ಹೋಗಿತ್ತು. ಮೇಷ್ಟ್ರು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಬೈದರು.

"ರೋಗಿ ಬಾಯಿ ಬಿಡದಿದ್ರೆ ಪಕ್ಕದಲ್ಲಿರೋರನ್ನ ಕೇಳ್ಬೇಕು. ರೋಗಿ ಕಡೆಯವನ ಥರ ನಾನು ಅಲ್ಲೇ ನಿಂತಿದ್ದೆ. ನನ್ನನ್ನ ಯಾಕೆ ಕೇಳ್ಲಿಲ್ಲ?"

"ನೀವು ಸುಮ್ಮನೆ ನೋಡೋಕೆ ನಿಂತಿದೀರ ಅಂದ್ಕೊಂಡೆ ಸರ್."

"ಎಲ್ಲಾ ಕಡೆನೂ ಜನ ಸುಮ್ಮನೆ ನೋಡೋಕೇ ನಿಂತಿರ್ತಾರಮ್ಮ! ಅವರನ್ನೇ ಕೇಳೋದು!"

ಬಸ್ ಸ್ಟಾಪಿನಲ್ಲಿ ಅಪ್ಪನ ಪಕ್ಕ ಕೂರಲಿಲ್ಲ, ನಿಂತೇ ಇದ್ದೆ. ಒಂದು ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ಡಾಕ್ಟ್ರು ನಿಮಗೆ ಏನು ಹೇಳಿದ್ರು?" ಎಂದು ಕೇಳಿದೆ.

"ಎದೆ ನೋವು, ಕೈಗೆ ಹರಡಿದೆ, ಬೆವರು ಬರ್ತಿದೆ ಅಂದ್ರು. ನಿಮಗೆ ನಿಜವಾಗ್ಲೂ ಹಾಗಾದ್ರೆ ಹೇಗಿರ್ತೀರೋ ಹಾಗೇ ಇರಿ ಅಂದ್ರು."

"ಮತ್ತೆ?"

"ಹಾಗೇ ಇದ್ದೆ."

ನನಗೆ ಅವರನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. "ನಿಜವಾಗ್ಲೂ ಎದೆ ನೋವು ಬಂದ್ರೂ ಸೋಡಾ ಕುಡಿದು ಮಲಗ್ತೀರಾ? ನಮಗೆ ಹೇಳೋದಿಲ್ವಾ?"

"ಹೇಳಿದ್ರೆ ನಿಮ್ಮಮ್ಮ ಹೆದರ್ಕೊತಾಳೆ."

"ಹೇಳದೆ ಸತ್ತರೆ ಹೆದರ್ಕೊಳ್ಳಲ್ವಾ?"

ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವಳು ತಿರುಗಿ ನೋಡಿದಳು. ಅಪ್ಪ ಷರಟಿನ ತೋಳಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು. ಅವರು ತಿದ್ದಲು ಮಾತು ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಇನ್ನೊಂದು ಜಗಳಕ್ಕೆ ತಯಾರಾದೆ. ಅವರ ತಂದೆ, ನನ್ನ ತಾತ, ಊಟಕ್ಕೆ ಕೂತಾಗ ಹೊಟ್ಟೆ ಉಬ್ಬರ ಎಂದು ಎದ್ದು ಹೋಗಿ ಮಲಗಿದವರು ಏಳಲಿಲ್ಲ ಎಂಬುದನ್ನು ಅಪ್ಪ ಆಗ ಹೇಳಿದರು. ನನಗೆ ಅದುವರೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಆಡಿದ್ದ ಮಾತಲ್ಲ ಅದು.

"ನಾನು ಅಲ್ಲೇ ಇದ್ದೆ. ಜೀರಿಗೆ ನೀರು ಕೊಟ್ಟೆ" ಎಂದರು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಕೋಪ ಹೋಗಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ತೋರಿಸುವುದು ಎಂದು ಗೊತ್ತಾಗಲಿಲ್ಲ.

ಆಮೇಲೆ ಅವರೇ ಕೇಳಿದರು, "ಆ ಬಿ.ಪಿ. ಲೆಕ್ಕ, ನೀನು ಸರಿಯಾಗೇ ನೋಡಿದ್ಯಾ?"

"ಸರಿಯಾಗೇ ನೋಡಿದೀನಿ."

"ಸರಿ. ಡಾಕ್ಟರ ಹತ್ರ ಹೋಗೋಣ. ಆದ್ರೆ ಇವತ್ತು ಬೇಡ, ಇವತ್ತು ಇನ್ನೊಂದು ಡಾಕ್ಟರ್ ಮುಖ ನೋಡೋಕಾಗಲ್ಲ."

ಮರುದಿನ ಹೋದೆವು. ಡಾಕ್ಟರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪಿನಕಾಯಿ ಉಪ್ಪಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಪ್ಪ ಅವರ ಜೊತೆ ವಾದಕ್ಕೆ ಇಳಿದಾಗ ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಈ ಸಲ ಎದುರುಮನೆಯ ಆಂಟಿಯನ್ನು ಕರೆದುಕೊಂಡು ಹೋದೆ. ಏನು ತೊಂದರೆ ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಡಾಕ್ಟರು ಹೇಳಿಕೊಟ್ಟಿದ್ದ ಹೊಟ್ಟೆನೋವನ್ನೂ, ಹೇಳಿಕೊಡದ ಮಂಡಿನೋವನ್ನೂ, ಸೊಸೆಯ ವಿಷಯವನ್ನೂ ಸೇರಿಸಿ ಹೇಳಿಬಿಟ್ಟರು. ನಾನು ಪಾಸಾದೆ. ಅದರಲ್ಲಿ ನನ್ನ ಜಾಣತನ ಎಷ್ಟು ಎಂದು ಇವತ್ತಿಗೂ ಗೊತ್ತಿಲ್ಲ.

ಒಂದು ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ದಿನ ಒಂದು ಕರೆಯೂ ಬರಲಿಲ್ಲ. ನಾನೂ ಡ್ರೈವರಣ್ಣನೂ ಗಾಡಿಯನ್ನು ಒರೆಸಿದ್ದೇ ಒರೆಸಿದ್ದು. ಕೊನೆಗೆ ಒಂದು ಬೆಳಿಗ್ಗೆ ಹನುಮಂತನಗರದಿಂದ ಫೋನು: ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟ ಮುರಿದಿರಬಹುದು. ಮನೆ ಎಲ್ಲಿ? ದೇವಸ್ಥಾನದ ಹತ್ತಿರ. ಯಾವ ದೇವಸ್ಥಾನ? ಅದೇ, ಗುಡ್ಡದ ಕೆಳಗೆ ಬಂದು ಯಾರನ್ನು ಕೇಳಿದರೂ ಹೇಳ್ತಾರೆ.

ಯಾರೂ ಹೇಳಲಿಲ್ಲ. ಸೈರನ್ನು ಹಾಕಿದರೆ ಮುಂದಿದ್ದ ಸ್ಕೂಟರಿನವರು ದಾರಿ ಬಿಡುವ ಬದಲು ನಿಂತು ತಿರುಗಿ ನೋಡಿದರು. ಒಂದು ಅಡ್ಡರಸ್ತೆಯಲ್ಲಿ ಶಾಮಿಯಾನ ಹಾಕಿದ್ದರು, ಇನ್ನೊಂದನ್ನು ಪೈಪಿಗೆ ಅಗೆದಿದ್ದರು. ಅಂತೂ ಮನೆ ಸಿಕ್ಕಿ, ನಾನು ಹಲಗೆ, ಕತ್ತಿನ ಪಟ್ಟಿ ಎಲ್ಲ ಹೊತ್ತು ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

"ರೋಗಿ ಎಲ್ಲಿದಾರೆ ಅಮ್ಮ?"

"ಅಯ್ಯೋ, ಆಟೋದಲ್ಲಿ ಕೂರಿಸಿ ಕಳಿಸಿಬಿಟ್ವಲ್ಲಮ್ಮ. ನೀವು ಬರೋದು ತಡ ಆಗತ್ತೇನೋ ಅಂತ."

"ಸೊಂಟ ಮುರಿದೋರನ್ನ ಆಟೋದಲ್ಲಿ ಕೂರಿಸಿದ್ರಾ?"

"ಅವರೇ ನಡ್ಕೊಂಡು ಇಳಿದ್ರು. ಬೇಡ ಅಂದ್ರೂ ಕೇಳ್ಲಿಲ್ಲ." ನನ್ನ ಹಲಗೆಯನ್ನೂ, ಬೆವರಿದ ಮುಖವನ್ನೂ ನೋಡಿ ಪಾಪ ಅನಿಸಿರಬೇಕು. "ಅಷ್ಟು ದೂರದಿಂದ ಬಂದಿದೀರ. ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ಬೇಡ ಎನ್ನಲು ತಿರುಗಿದೆ. ಡ್ರೈವರಣ್ಣ ಆಗಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುರ್ಚಿಯಲ್ಲಿ ಕೂತಿದ್ದ.